ಮಳೆಗಾಲದ ಕೂದಲಿಗೆ ಯಾವ ಧೂಪ: ಸಾಂಬ್ರಾಣಿಯೋ, ಕರಿಧೂಪವೋ, ಬರೀ ಕೆಂಡವೋ?

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಸಕಲೇಶಪುರ, ಮೂಡಿಗೆರೆ, ಕಳಸ, ಶೃಂಗೇರಿ ಕಡೆ ಉದ್ದ ಕೂದಲಿನ ಹೆಂಗಸರಿಗೆ ತಲೆಸ್ನಾನವೇ ಒಂದು ದೊಡ್ಡ ಕೆಲಸ. ಬೆಳಿಗ್ಗೆ ಸೀಗೆಕಾಯಿ ಹಾಕಿ ತೊಳೆದ ಕೂದಲು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೂ ಬುಡದಲ್ಲಿ ಹಸಿಯಾಗಿಯೇ ಇರುತ್ತದೆ. ಪುಷ್ಯ, ಆಶ್ಲೇಷ ಮುಗಿಯುವವರೆಗೂ ಇದೇ ಪಾಡು. ಹಸಿ ಕೂದಲನ್ನೇ ಹೆಣೆದುಕೊಂಡರೆ ಮಾರನೆಯ ದಿನಕ್ಕೆ ಮುಗ್ಗಲು ವಾಸನೆ, ಅದರ ಹಿಂದೆಯೇ ತುರಿಕೆ. ಬಚ್ಚಲ ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಗೆ ಎಳೆದುಕೊಂಡು, ಮೇಲೆ ಬಿದಿರಿನ ಕುಕ್ಕೆ ಕವುಚಿ, ಅದರ ಮೇಲೆ ಕೂದಲು ಹರಡಿ ಸಾಂಬ್ರಾಣಿ ಹೊಗೆ ಕೊಡುವ ಪದ್ಧತಿ ನಮ್ಮಲ್ಲಿ ಉಳಿದುಕೊಂಡಿರುವುದು ಈ ಕಾರಣಕ್ಕೆ. ಅರಸೀಕೆರೆಯಲ್ಲಿರುವ ನನ್ನ ನಾದಿನಿಗೆ ಇದೆಲ್ಲ ತಮಾಷೆ. ಅದೂ ಹಾಸನ ಜಿಲ್ಲೆಯೇ. ಆದರೆ ಅಲ್ಲಿ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಅಂಗಳದಲ್ಲಿ ನಾಲ್ಕು ಮಾತಾಡುತ್ತ ನಿಂತರೆ ಕೂದಲು ತಾನಾಗಿ ಒಣಗುತ್ತದೆ.

ಈಗ ಇದೇ ಹೊಗೆಗೆ ಹೊಸ ಬೇಡಿಕೆ ಬಂದಿದೆ. ಕೂದಲು ಉದುರುವುದು ನಿಲ್ಲುತ್ತದೆ, ಹೊಟ್ಟು ಹೋಗುತ್ತದೆ, ನರೆ ತಡೆಯುತ್ತದೆ ಎಂದು ಹೇಳಿ ಕಪ್, ಪುಡಿ, ಬಿಲ್ಲೆಗಳನ್ನು ಮಾರುತ್ತಿದ್ದಾರೆ. ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದಿಷ್ಟು: ಧೂಪದಿಂದ ಕೂದಲಿಗೆ ಸಿಗುವುದು ಎರಡೇ, ಒಂದು ಒಣಗುವುದು, ಇನ್ನೊಂದು ಪರಿಮಳ. ಒಣಗಿಸುವುದು ಕೆಂಡದ ಕಾವು, ಪರಿಮಳ ಕೊಡುವುದು ಅದರ ಮೇಲೆ ಉದುರಿಸಿದ ಮರದ ಅಂಟು. ಈ ಎರಡನ್ನು ಬಿಟ್ಟು ಮೂರನೆಯದನ್ನು ಬಯಸುವವರಿಗೆ ಕೆಳಗಿನ ಯಾವ ಧೂಪವೂ ಆಗಿಬರುವುದಿಲ್ಲ.

ಗ್ರಂಥದಲ್ಲಿ ಏನಿದೆ

‘ಆಯುರ್ವೇದದಲ್ಲೇ ಹೇಳಿದೆ’ ಎಂಬ ಮಾತು ಪ್ರತಿ ಪೊಟ್ಟಣದ ಮೇಲೂ ಇರುತ್ತದೆ. ಹೇಳಿರುವುದು ನಿಜ. ಆದರೆ ಯಾವ ಹೊಗೆಯ ಬಗ್ಗೆ ಎಂಬುದನ್ನು ನೋಡಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಕೂದಲು ಉದುರುವುದು, ಬೋಳಾಗುವುದು, ಬಣ್ಣಗೆಡುವುದು ಇವೆಲ್ಲ ಶಮನವಾಗುತ್ತವೆ ಎಂದಿರುವುದು ಧೂಮಪಾನದಿಂದ. ಅಂದರೆ ಔಷಧದ ಬತ್ತಿಯ ಹೊಗೆಯನ್ನು ನಳಿಗೆಯ ಮೂಲಕ ಒಳಗೆ ಸೇದುವ ಚಿಕಿತ್ಸೆ. ಕೂದಲಿಗೆ ಹೊರಗಿನಿಂದ ಹೊಗೆ ಕೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ಅಧ್ಯಾಯದಲ್ಲಿ ಮುಂದೆ, ದಿನವೂ ತಲೆಗೆ ಎಣ್ಣೆ ಹಚ್ಚುವವರಿಗೆ ಕೂದಲು ಉದುರುವುದಿಲ್ಲ, ನೆರೆಯುವುದಿಲ್ಲ ಎಂದಿದೆ. ಗ್ರಂಥವನ್ನೇ ನಂಬುವವರು ಧೂಪದ ಡಬ್ಬಿಗಿಂತ ಎಣ್ಣೆ ಬಟ್ಟಲಿನ ಕಡೆ ಕೈ ಚಾಚಬೇಕಾಗುತ್ತದೆ.

ಕೂದಲಿಗೇ ಹೊಗೆ ಕೊಡುವ ಪದ್ಧತಿಯೂ ಹಳೆಯದೇ. ಕಾಳಿದಾಸನ ಮೇಘದೂತದಲ್ಲಿ ಉಜ್ಜಯಿನಿಯ ಮನೆಗಳ ಜಾಲಂಧ್ರಗಳಿಂದ ಹೊರಬರುವ ಕೇಶಸಂಸ್ಕಾರದ ಧೂಪ ಮೋಡದ ಮೈಯನ್ನು ತುಂಬುತ್ತದೆ. ಅಲ್ಲಿ ಅದು ಅಲಂಕಾರದ ಕೆಲಸ, ಮಲ್ಲಿಗೆ ಮುಡಿಯುವುದಕ್ಕೆ ಸಮನಾದದ್ದು. ನಾನು ಧೂಪವನ್ನು ಇಡುವುದೂ ಆ ಸಾಲಿನಲ್ಲೇ. ಔಷಧ ಎಂದರೆ ಜಗಳಕ್ಕೆ ಬರುತ್ತೇನೆ, ಅಲಂಕಾರ ಎಂದರೆ ನನ್ನ ಕೂದಲನ್ನೇ ಮುಂದೆ ಹಿಡಿಯುತ್ತೇನೆ.

ಸಾಂಬ್ರಾಣಿ ಗಟ್ಟಿ

ಹಾಸನದ ಗ್ರಂಥಿಗೆ ಅಂಗಡಿಯಲ್ಲಿ ಧೂಪ ಎಂದು ಕೇಳಿದರೆ ‘ಗಟ್ಟಿಯೋ ಪುಡಿಯೋ ಅಕ್ಕಾ?’ ಎಂದು ಕೇಳುತ್ತಾರೆ. ಗಟ್ಟಿಯನ್ನೇ ತೆಗೆದುಕೊಳ್ಳಿ. ಸಾಂಬ್ರಾಣಿ ನಮ್ಮ ಕಾಡಿನದಲ್ಲ. ಇಂಡೋನೇಷ್ಯಾದ ಸುಮಾತ್ರಾ, ಅತ್ತ ಲಾವೋಸ್ ಕಡೆ ಬೆಳೆಯುವ ಸ್ಟೈರಾಕ್ಸ್ ಎಂಬ ಜಾತಿಯ ಮರಗಳ ತೊಗಟೆ ಗೀರಿದಾಗ ಒಸರಿ ಗಟ್ಟಿಯಾಗುವ ಅಂಟು ಇದು. ಹಡಗು ಹತ್ತಿ ಬರುವ ಮಾಲು, ಆದ್ದರಿಂದ ಬೆಲೆ ಹೆಚ್ಚು. ಬೆಲೆ ಹೆಚ್ಚಾದಲ್ಲಿ ಕಲಬೆರಕೆಯೂ ಹೆಚ್ಚು. ಪುಡಿಯಲ್ಲಿ ಪೈನ್ ಮರದ ಅಗ್ಗದ ರಾಳ ಬೆರೆತಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಗಟ್ಟಿಯಲ್ಲಾದರೆ ಕಂದು ಅಂಟಿನ ನಡುವೆ ಬೆಣ್ಣೆ ಬಣ್ಣದ ತುಣುಕುಗಳು ಕಾಣುತ್ತವೆ. ಒಂದು ಚೂರು ಕೆಂಡದ ಮೇಲೆ ಹಾಕಿ ನೋಡಿ. ಒಳ್ಳೆಯ ಸಾಂಬ್ರಾಣಿ ಬಿಳಿ ಹೊಗೆ ಬಿಟ್ಟು ವೆನಿಲಾ ಐಸ್‌ಕ್ರೀಮಿನ ನೆನಪು ತರುವ ಸಿಹಿ ವಾಸನೆ ಕೊಡುತ್ತದೆ. ರಾಳ ಬೆರೆತದ್ದು ಟರ್ಪೆಂಟೈನ್ ವಾಸನೆಯೊಂದಿಗೆ ಕಪ್ಪು ಮಸಿ ಎಬ್ಬಿಸುತ್ತದೆ. ಈ ರಾಳದ ಹೊಗೆ ಬೆಸುಗೆ ಕೆಲಸದವರಿಗೆ ಆಸ್ತಮಾ ತರಿಸುವುದಕ್ಕೆ ಹೆಸರಾದದ್ದು. ತಲೆಯ ಹತ್ತಿರ ಅದನ್ನು ಉರಿಸುವುದು ಬೇಡ.

ಸಾಂಬ್ರಾಣಿಯಲ್ಲಿ ಬೆಂಜೋಯಿಕ್ ಆಮ್ಲ, ಸಿನಮಿಕ್ ಆಮ್ಲ ಇರುತ್ತವೆ. ಕಾವು ತಗುಲಿದೊಡನೆ ಬೆಂಜೋಯಿಕ್ ಆಮ್ಲ ಆವಿಯಾಗಿ ಮೇಲೇಳುತ್ತದೆ. ಬಾಗಿ ಕುಳಿತವರಿಗೆ ಮೂಗು ಚುರುಗುಟ್ಟಿ ಕೆಮ್ಮು ಬರುವುದು ಅದರಿಂದಲೇ. ಇದೇ ಆಮ್ಲ ಶಿಲೀಂಧ್ರಕ್ಕೆ ಶತ್ರು ಎಂಬುದೂ ನಿಜ. ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಶೇ. 6ರಷ್ಟು ಬೆಂಜೋಯಿಕ್ ಆಮ್ಲ, ಶೇ. 3ರಷ್ಟು ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ. ‘ಸಾಂಬ್ರಾಣಿ ಹೊಟ್ಟು ಕಳೆಯುತ್ತದೆ’ ಎನ್ನುವವರು ಹಿಡಿದುಕೊಳ್ಳುವ ಎಳೆ ಇದು. ಆದರೆ ಮುಲಾಮು ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಹೊಗೆ ಐದು ನಿಮಿಷ ಕೂದಲಿನ ನಡುವೆ ಹಾದುಹೋಗಿ ಹೆಚ್ಚಿನ ಪಾಲು ಸೂರಿನ ಕಡೆಗೆ ಹೊರಟುಬಿಡುತ್ತದೆ. ಹೊಗೆ ಕೊಟ್ಟ ಮೇಲೆ ತುರಿಕೆ ಕಡಿಮೆಯಾಯಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೆತ್ತಿ ಒಣಗಿತು, ತುರಿಕೆ ಇಳಿಯಿತು, ಅಷ್ಟೇ.

ಇನ್ನೊಂದು ಎಚ್ಚರ. ಸಾಂಬ್ರಾಣಿಯ ಅಂಟು ಕೆಲವರ ಚರ್ಮಕ್ಕೆ ಅಲರ್ಜಿ. ಹೊಗೆ ಕೊಟ್ಟ ಮೇಲೆ ಕಿವಿಯ ಹಿಂದೆ, ಕತ್ತಿನಲ್ಲಿ ದದ್ದು ಎದ್ದರೆ ಅದನ್ನು ಅಲ್ಲಿಗೇ ಬಿಡಬೇಕು.

ಕರಿಧೂಪ ಮತ್ತು ಬಿಳಿಧೂಪ

ನಮ್ಮ ಘಟ್ಟದ ಕಾಡಿನ ಸರಕು ಇವು. ಬಿಸಲೆ, ಕುದುರೆಮುಖದಂಥ ನಿತ್ಯಹರಿದ್ವರ್ಣ ಕಾಡುಗಳ ಮರಗಳು. ಕರಿಧೂಪ ಬರುವುದು ಕೆನೇರಿಯಂ ಸ್ಟ್ರಿಕ್ಟಂ ಎಂಬ ಮರದಿಂದ, ಬಿಳಿಧೂಪ ಅಥವಾ ಸಾಲುಧೂಪ ಬರುವುದು ವ್ಯಾಟೀರಿಯಾ ಇಂಡಿಕಾದಿಂದ. ಎರಡನೆಯದು ಪಶ್ಚಿಮ ಘಟ್ಟದ್ದೇ ಸಂತಾನ, ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಕರಿಧೂಪದ ಹೊಗೆಗೆ ಸಾಂಬ್ರಾಣಿಯ ಸಿಹಿ ಇಲ್ಲ. ನಿಂಬೆ ಸಿಪ್ಪೆಯ ಹುಳಿ ಬೆರೆತ, ಮಳೆ ನಿಂತ ಕಾಡಿನಂಥ ವಾಸನೆ. ಪರಿಮಳದ ಮಟ್ಟಿಗೆ ನನ್ನ ಓಟು ಇದಕ್ಕೇ.

ಆದರೂ ಪ್ರತಿ ವಾರದ ತಲೆಸ್ನಾನಕ್ಕೆ ಇದನ್ನು ಶಿಫಾರಸು ಮಾಡಲಾರೆ. ಅಂಟು ಬೇಗ ಇಳಿಯಲಿ ಎಂದು ಮರದ ಬುಡಕ್ಕೆ ಗಾಯ ಮಾಡಿ ಬೆಂಕಿ ಇಡುವವರಿದ್ದಾರೆ. ಹಾಗೆ ಮಾಡಿದ ಮರ ಸೊರಗಿ ಸಾಯುತ್ತದೆ. ಎಲ್ಲಿಂದ ಬಂತು, ಯಾರು ತಂದರು ಎಂದು ಹೇಳಬಲ್ಲವರಿಂದ, ತಾನಾಗಿ ಒಸರಿದ್ದನ್ನು ಸ್ವಲ್ಪವೇ ಕೊಂಡು ಹಬ್ಬದ ಎಣ್ಣೆಸ್ನಾನಕ್ಕೆ ಇಟ್ಟುಕೊಳ್ಳಬಹುದು. ಇದರ ಹೊಗೆ ಸಾಂಬ್ರಾಣಿಗಿಂತ ಹೆಚ್ಚು ಜಿಡ್ಡು ಬಿಡುತ್ತದೆ. ಮೊದಲೇ ಎಣ್ಣೆ ಸುರಿಯುವ ನೆತ್ತಿಯವರಿಗೆ ಸಂಜೆಯೊಳಗೆ ಕೂದಲು ಅಂಟಂಟಾಗುತ್ತದೆ.

ಗುಗ್ಗುಳ, ದಶಾಂಗ, ಮನೆಯ ಸೊಪ್ಪುಸದೆ

ಗುಗ್ಗುಳವನ್ನು ಕೂದಲಿಗೆ ಸುಡುವುದು ದಂಡ. ರಾಜಸ್ಥಾನ, ಗುಜರಾತಿನ ಒಣನೆಲದ ಆ ಮುಳ್ಳುಗಿಡ ಇಂದು ತೀವ್ರ ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಔಷಧಕ್ಕೆ ಬೇಕಾದ ವಸ್ತುವನ್ನು ಜಡೆಯ ವಾಸನೆಗಾಗಿ ಹೊಗೆ ಮಾಡಬೇಕಿಲ್ಲ. ದಶಾಂಗ ಧೂಪದ ಪುಡಿ ದೇವರ ಕೋಣೆಗೆ ಸರಿ. ಹತ್ತು ಪದಾರ್ಥಗಳಲ್ಲಿ ಯಾವುದು ನಿಮ್ಮ ಮೂಗಿಗೆ ಆಗುತ್ತಿಲ್ಲ ಎಂದು ಪತ್ತೆ ಮಾಡುವುದು ಕಷ್ಟ.

ಬೆಳ್ಳುಳ್ಳಿ ಸಿಪ್ಪೆ, ಓಮ, ಬೇವಿನ ಎಲೆ ಹಾಕಿ ಹೊಗೆ ಎಬ್ಬಿಸುವುದು ಬಾಣಂತಿ ಮನೆಯ ವಾಡಿಕೆ. ಹಸಿ ಎಲೆ ಹಾಕಿದರೆ ಹೊಗೆ ಜಾಸ್ತಿ, ಕಾವು ಕಡಿಮೆ. ಕೂದಲು ಒಣಗಿಸಲು ಬೇಕಾದದ್ದಕ್ಕೆ ಇದು ತೀರ ಉಲ್ಟಾ.

ಕಪ್ ಸಾಂಬ್ರಾಣಿ

ಕೆಂಡ ಬೇಡ, ಒಲೆ ಬೇಡ, ಬೆಂಕಿಕಡ್ಡಿ ಗೀರಿದರೆ ಸಾಕು. ಹಾಸನ, ಚಿಕ್ಕಮಗಳೂರು ಪೇಟೆಯ ಫ್ಲ್ಯಾಟುಗಳಲ್ಲಿ ಇರುವವರಿಗೆ ಇದರ ಆಕರ್ಷಣೆ ಅರ್ಥವಾಗುವಂಥದ್ದು. ಆದರೆ ಕಪ್ಪಿನ ಹೆಚ್ಚಿನ ಭಾಗ ಇದ್ದಿಲ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಮೇಲೆ ಸಾಂಬ್ರಾಣಿ ಪುಡಿ, ಎಷ್ಟೋ ಕಡೆ ಸುಗಂಧದ್ರವ್ಯ. ಪದಾರ್ಥಗಳ ಪಟ್ಟಿ ಮುದ್ರಿಸದ ಪೊಟ್ಟಣವನ್ನು ಕೂದಲಿಗೆ ಬಳಸಬೇಡಿ, ಹೊಸ್ತಿಲಲ್ಲಿಟ್ಟು ಸೊಳ್ಳೆ ಓಡಿಸಿಕೊಳ್ಳಿ.

ಇದರ ಮುಖ್ಯ ಕೊರತೆ ಬೇರೆಯೇ. ಕಪ್ ಸಾಂಬ್ರಾಣಿ ಹೊಗೆ ಕೊಡುತ್ತದೆ, ಕಾವು ಕೊಡುವುದಿಲ್ಲ. ಸೊಂಟದವರೆಗಿನ ಹಸಿ ಕೂದಲನ್ನು ಅಂಗೈಯಗಲದ ಕಪ್ಪಿನ ಮೇಲೆ ಹಿಡಿದರೆ ಪರಿಮಳ ಬರುತ್ತದೆ, ನೀರು ಹಾಗೇ ಉಳಿಯುತ್ತದೆ. ಒಣಗಿದ ಕೂದಲಿಗೆ ಕೊನೆಯಲ್ಲಿ ಒಂದು ನಿಮಿಷ ವಾಸನೆ ಹಿಡಿಸಲು ಮಾತ್ರ ಇದು ಉಪಯೋಗ. ಹಚ್ಚಿದ ಮೊದಲ ಕ್ಷಣಗಳ ದಟ್ಟ ಹೊಗೆ ಹೋಗಲು ಬಿಟ್ಟು, ಆಮೇಲೆ ತಲೆ ಹತ್ತಿರ ತನ್ನಿ.

ಕೆಂಡ ಯಾವುದರದು

ಎಲ್ಲರೂ ಧೂಪದ ಬಗ್ಗೆ ಕೇಳುತ್ತಾರೆ, ಕೆಂಡದ ಬಗ್ಗೆ ಯಾರೂ ಕೇಳುವುದಿಲ್ಲ. ಅರ್ಧ ಗುಣ ಅಲ್ಲಿಯೇ ಇದೆ. ಹೊಗೆಯಾಡುವ ಅರೆಬೆಂದ ಸೌದೆಯ ಮೇಲೆ ಎಷ್ಟೇ ಒಳ್ಳೆಯ ಸಾಂಬ್ರಾಣಿ ಹಾಕಿದರೂ ಕೂದಲಿಗೆ ಹಿಡಿಯುವುದು ಒಲೆಯ ವಾಸನೆ. ತೆಂಗಿನ ಚಿಪ್ಪಿನ ಕೆಂಡ ನನ್ನ ಮೊದಲ ಆಯ್ಕೆ. ಬೇಗ ಹೊತ್ತಿಕೊಳ್ಳುತ್ತದೆ, ಚಿಪ್ಪು ಪೂರ್ತಿ ಕೆಂಪಾದ ಮೇಲೆ ಹೊಗೆ ಇರುವುದಿಲ್ಲ, ಕಾವು ಜೋರು. ಅರಸೀಕೆರೆ, ಚನ್ನರಾಯಪಟ್ಟಣದ ನೆಂಟರಿದ್ದರೆ ಚೀಲದಲ್ಲಿ ತರಿಸಿಕೊಳ್ಳಿ. ಕಾಫಿ ಗಿಡದ ರೆಂಬೆ ಸವರಿದಾಗ ಸಿಗುವ ಕಟ್ಟಿಗೆ ಒಣಗಿದ್ದರೆ ಅದೂ ಒಳ್ಳೆಯದು, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ಬಣ್ಣ ಬಳಿದ ಹಳೆಯ ಕಿಟಕಿ ಚೌಕಟ್ಟು, ಪ್ಲೈವುಡ್ ಚೂರು ಇವುಗಳ ಕೆಂಡವಂತೂ ಬೇಡವೇ ಬೇಡ. ಆ ಹೊಗೆ ವಿಷ.

ಕೆಂಡದ ಮೇಲೆ ತೆಳ್ಳಗೆ ಬೂದಿ ಮುಚ್ಚಿದಾಗ ಕಡಲೆಕಾಳಿನಷ್ಟು ಸಾಂಬ್ರಾಣಿ ಹಾಕಿದರೆ ಸಾಕು. ಕೂದಲಿಗೂ ಕೆಂಡಕ್ಕೂ ನಡುವೆ ಒಂದು ಮೊಳ ಅಂತರ ಇರಲಿ. ಮೊದಲು ಹತ್ತಿಯ ಟವೆಲಿನಿಂದ ಒತ್ತಿ ನೀರು ತೆಗೆದಿರಬೇಕು, ಬಾಚಣಿಗೆ ಹಾಕಿ ಸಿಕ್ಕು ಬಿಡಿಸಿರಬೇಕು. ಎಣ್ಣೆ ಹಚ್ಚಿದ ತಲೆಗೆ ಹೊಗೆ ಕೊಡುವುದನ್ನು ಕೆಲವೆಡೆ ನೋಡಿದ್ದೇನೆ. ಮಸಿಯನ್ನು ಕರೆದು ಕೂರಿಸಿದಂತೆ ಅದು, ಬೆಂಕಿಯ ಭಯ ಬೇರೆ. ನೈಲಾನ್ ನೈಟಿ ಹಾಕಿಕೊಂಡು ಅಗ್ಗಿಷ್ಟಿಕೆಯ ಮುಂದೆ ಕೂರಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಕುಕ್ಕೆಯ ಕೆಳಗೆ ಕಿಡಿ ಸಿಡಿದರೆ ಹೇಳಲು ಪಕ್ಕದಲ್ಲಿ ಒಬ್ಬರು ಇರಬೇಕು.

ಧೂಪವೇ ಬೇಡ ಎನ್ನುವವರಿಗೆ

ಬರೀ ಕೆಂಡದ ಕಾವಿನಲ್ಲಿ ಒಣಗಿಸಿಕೊಳ್ಳುವುದು ಒಂದು ದಾರಿ. ಆಸ್ತಮಾ ಇಲ್ಲದವರಿಗೆ, ತಲೆ ಹೊಗೆವಾಸನೆ ಬರಬಾರದು ಎನ್ನುವ ಕಚೇರಿಗೆ ಹೋಗುವವರಿಗೆ ಇದೇ ಉತ್ತಮ. ಇನ್ನೊಂದು ಹೇರ್ ಡ್ರೈಯರ್. ಅದರ ಮೇಲೆ ನಮ್ಮಲ್ಲಿ ಇರುವಷ್ಟು ಅನುಮಾನ ಬೇಕಿಲ್ಲ. 2011ರಲ್ಲಿ ಕೊರಿಯಾದ ಸಂಶೋಧಕರು ಕೂದಲನ್ನು ಬೇರೆ ಬೇರೆ ಕಾವಿನಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿ ಹಿಡಿದು ಆಡಿಸುತ್ತ ಒಣಗಿಸಿದಾಗ ಆದ ಹಾನಿ, ತಾನಾಗಿ ಒಣಗಲು ಬಿಟ್ಟಾಗ ಆದದ್ದಕ್ಕಿಂತ ಕಡಿಮೆ ಎಂದರು. ಬಹಳ ಹೊತ್ತು ನೀರು ಕುಡಿದು ಉಬ್ಬಿಕೊಂಡಿರುವ ಕೂದಲಿನ ಒಳಪದರವೇ ಕೆಡುತ್ತದೆ ಎಂಬುದು ಅವರ ವಿವರಣೆ. ಆಶ್ಲೇಷ ಮಳೆಯಲ್ಲಿ ಇಡೀ ದಿನ ಹಸಿ ಜಡೆ ಹೊತ್ತು ತಿರುಗುವವರು ಇದನ್ನು ಗಮನಿಸಬೇಕು.

ಮಲೆನಾಡಿನಲ್ಲಿ ಡ್ರೈಯರಿಗೆ ಇರುವ ತೊಡಕು ಒಂದೇ. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಾಸನ ಪೇಟೆಯವರಿಗೆ ಡ್ರೈಯರ್, ಕಳಸದವರಿಗೆ ಕೆಂಡ ಎಂದು ನಾನು ಹಂಚಿಬಿಟ್ಟಿದ್ದೇನೆ.

ಯಾರಿಗೆ ಹೊಗೆ ಸಲ್ಲದು

ಆಸ್ತಮಾ, ದಮ್ಮು, ಅಲರ್ಜಿ ಶೀತ ಇರುವವರಿಗೆ ಯಾವ ಧೂಪವೂ ಬೇಡ. ನೈಸರ್ಗಿಕ ಅಂಟಿನ ಹೊಗೆಯಲ್ಲೂ ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಕಣಗಳು ಇದ್ದೇ ಇರುತ್ತವೆ. ಬಾಣಂತಿ ಕೋಣೆಯ ವಿಷಯದಲ್ಲಿ ನನಗೆ ಹೆಚ್ಚು ಸಿಟ್ಟಿದೆ. ಗಾಳಿ ತಾಗಬಾರದೆಂದು ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟು, ಮೇಲೆ ಧೂಪ ಹಾಕುತ್ತಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಬಚ್ಚಲಮನೆಗೂ ಇದೇ ಮಾತು. ಹೊಗೆ ಕೊಡುವುದಾದರೆ ಜಗಲಿಯಲ್ಲಿ, ಎರಡು ಕಡೆ ಗಾಳಿಯಾಡುವಲ್ಲಿ.

ಕೂಸಿನ ತಲೆಯನ್ನು ಹೊಗೆಗೆ ಹಿಡಿಯುವುದನ್ನು ಸಮರ್ಥಿಸುವ ಅಜ್ಜಿಯರಿಗೆ ಹೇಳಲು ಚರಕಸಂಹಿತೆಯಲ್ಲೇ ಮಾತಿದೆ. ಅದರ ಶಾರೀರಸ್ಥಾನದಲ್ಲಿ ಸಾಸಿವೆ, ಇಂಗು, ಗುಗ್ಗುಳ, ಬಜೆ ಮುಂತಾದವುಗಳ ಧೂಪ ಕೊಡಲು ಹೇಳಿರುವುದು ಮಗುವಿನ ಬಟ್ಟೆಗೆ, ಹಾಸಿಗೆಗೆ, ಹೊದಿಕೆಗೆ. ಬಟ್ಟೆಗೆ ಹೊಗೆ ಕೊಟ್ಟು, ಕೊಡವಿ, ಆರಿದ ಮೇಲೆ ತೊಡಿಸಿದರೆ ಅಜ್ಜಿಯ ಮಾತೂ ಉಳಿಯುತ್ತದೆ, ಕೂಸಿನ ಉಸಿರೂ ಉಳಿಯುತ್ತದೆ.

ಹೆರಿಗೆಯಾಗಿ ಮೂರು ತಿಂಗಳ ಸುಮಾರಿಗೆ ಕೂದಲು ಹಿಡಿಹಿಡಿಯಾಗಿ ಬರತೊಡಗಿದರೆ ಗಾಬರಿ ಬೇಡ. ಬಸುರಿನಲ್ಲಿ ಉದುರದೆ ನಿಂತಿದ್ದ ಕೂದಲು ಒಟ್ಟಿಗೆ ಬಿದ್ದುಹೋಗುತ್ತದೆ, ಹೆಚ್ಚಿನವರಿಗೆ ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಯಾರು ಏನು ಕೊಟ್ಟಿದ್ದರೋ ಅದಕ್ಕೆ ಹೆಸರು ಬರುತ್ತದೆ. ಸಾಂಬ್ರಾಣಿಗೆ ಬಂದ ಹೆಸರಿನಲ್ಲಿ ಇದರ ಪಾಲು ದೊಡ್ಡದು ಎಂದು ನನ್ನ ಗುಮಾನಿ.

ಹೊಟ್ಟು ವಿಪರೀತವಾಗಿದ್ದರೆ ಅದು ನೆತ್ತಿಯ ಜಿಡ್ಡಿನಲ್ಲಿ ಬೆಳೆಯುವ ಮ್ಯಾಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಸಂಬಂಧಿಸಿದ್ದು. ವೈದ್ಯರು ಸಾಮಾನ್ಯವಾಗಿ ಶೇ. 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲದಂತೆ ಎರಡರಿಂದ ನಾಲ್ಕು ವಾರ ಬರೆದುಕೊಡುತ್ತಾರೆ. ಹೇನಿಗೆ ಹೊಗೆ ಹಾಕಿದರೆ ಹೇನು ಸಾಯುವುದಿಲ್ಲ. ಸೀರಣಿಗೆ, ತಾಳ್ಮೆ, ಬೇಕಾದರೆ ಔಷಧದ ಅಂಗಡಿಯ ಪರ್ಮೆಥ್ರಿನ್. ದುಂಡಗೆ ನಾಣ್ಯದಂತೆ ಕೂದಲು ಹೋಗಿದ್ದರೆ, ನೆತ್ತಿಯಲ್ಲಿ ಕೀವು ಇದ್ದರೆ ವೈದ್ಯರಿಗೆ ತೋರಿಸಬೇಕು; ಸುಸ್ತಿನ ಜೊತೆ ಕೂದಲು ಉದುರುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸಬೇಕು. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಗೆ ಹೋಗಬಹುದು. ಆಯುರ್ವೇದವೇ ಬೇಕೆನ್ನುವವರಿಗೆ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ. ಪೊಟ್ಟಣದ ಹಿಂಬದಿಯ ಮಾತಿಗಿಂತ ಅಲ್ಲಿನ ವೈದ್ಯರ ಮಾತು ಮೇಲು.

ನರೆ ಬಂದವರಿಗೆ ಒಂದು ಮಾತು. ಯಾವ ಅಂಟಿನ ಹೊಗೆಯಾದರೂ ಬಿಳಿ ಕೂದಲಿಗೆ ನಿಧಾನವಾಗಿ ಹಳದಿ ಹಿಡಿಸುತ್ತದೆ. ಬಣ್ಣ ಹಚ್ಚದೆ ಬೆಳ್ಳಿಯ ಹಾಗೆ ಬಿಟ್ಟುಕೊಂಡಿರುವ ನನ್ನಂಥವರು ತುದಿಗಳಿಗೆ ಮಾತ್ರ ಹೊಗೆ ತಾಗಿಸಿಕೊಂಡು, ನೆತ್ತಿಯ ಭಾಗವನ್ನು ಬರೀ ಕಾವಿನಲ್ಲಿ ಒಣಗಿಸಿಕೊಳ್ಳುವುದು ಒಳ್ಳೆಯದು. ಉಳಿದ ಸಾಂಬ್ರಾಣಿ ಗಟ್ಟಿಯನ್ನು ಬಿಗಿ ಮುಚ್ಚಳದ ಗಾಜಿನ ಶೀಸೆಯಲ್ಲಿಟ್ಟು ಒಲೆಯಿಂದ ದೂರವಿಡಿ; ಕಾವಿಗೆ ಅದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡರೆ ಮುಂದಿನ ಸಲ ಕುಟ್ಟಾಣಿಯಲ್ಲಿ ಜಜ್ಜಿಯೇ ತೆಗೆಯಬೇಕಾಗುತ್ತದೆ.